ಸಂತೆ ದಿನ ಬಿಟ್ಟು

ಎತ್ತು ಕೊಳ್ಳಲು ಬಂದವರಿಗೆ ನಾನು ಮೊದಲು ಹೇಳುವ ಮಾತು ಇದು: ಬೆಳಿಗ್ಗೆ ಬನ್ನಿ, ಹಸಿದ ಎತ್ತನ್ನು ನೋಡಿ. ಮೇವು ತಿಂದು ನೀರು ಕುಡಿದು ನಿಂತ ಎತ್ತು ಯಾವುದಾದರೂ ಚೆಂದವೇ ಕಾಣುತ್ತದೆ. ಹಲ್ಲು ನೋಡಿ, ಸುಳಿ ನೋಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಇಳಿಜಾರಿನಲ್ಲಿ ಹತ್ತು ಹೆಜ್ಜೆ ನಡೆಸಿ. ಇನ್ನೊಂದು ಮಾತು. ಮಾರುವವನ ಬಾಯಿ ನೋಡುತ್ತಾ ಕೂರಬೇಡಿ, ಅವನು ಎತ್ತಿನ ಯಾವ ಮಗ್ಗುಲಿಗೆ ನಿಂತಿದ್ದಾನೆ ನೋಡಿ. ಐಬು ಎಲ್ಲಿದೆಯೋ ಅಲ್ಲಿಗೇ ಅಡ್ಡ ನಿಂತಿರುತ್ತಾನೆ.

ಇಪ್ಪತ್ತೈದು ವರ್ಷದಿಂದ ಇದೇ ದಂಧೆ ನನ್ನದು. ತಂಬ್ರಹಳ್ಳಿಯ ಹತ್ತಿರದ ನಮ್ಮ ಊರಿನಿಂದ ಹೊರಟರೆ ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯೂ ನನ್ನ ಎತ್ತುಗಳು ಉಳುತ್ತಿವೆ. ಟ್ರಾಕ್ಟರ್ ಬಂದ ಮೇಲೂ ನನ್ನ ವ್ಯಾಪಾರ ನಿಂತಿಲ್ಲ ಎಂದರೆ ಕಾರಣ ಒಂದೇ: ಐಬು ಇದ್ದರೆ ಮೊದಲು ನಾನೇ ಹೇಳುತ್ತೇನೆ. ಹಾಯುತ್ತದೆ ಎಂದರೆ ಹಾಯುತ್ತದೆ ಎನ್ನುತ್ತೇನೆ. ನೊಗ ಕೊಟ್ಟರೆ ಮಲಗುತ್ತದೆ ಎಂದರೆ ಅದನ್ನೂ ಹೇಳುತ್ತೇನೆ. ಇದು ಧರ್ಮಕ್ಕೆ ಮಾಡಿದ್ದಲ್ಲ. ಇವತ್ತು ಐಬು ಹೇಳಿದವನ ಹತ್ತಿರವೇ ರೈತ ನಾಳೆ ಮಗನನ್ನು ಕಳಿಸುತ್ತಾನೆ. ಅದು ನನಗೆ ಬೇಗ ತಿಳಿಯಿತು.

ಒಂದೇ ಒಂದು ಸಲ ಐಬಿನ ಮಗ್ಗುಲಿಗೆ ನಾನೇ ಅಡ್ಡ ನಿಂತೆ. ಅದು ಎತ್ತಿನ ವಿಷಯವಲ್ಲ, ನನ್ನ ತಮ್ಮನದು. ಅದಕ್ಕೆ ಬೆಲೆ ತೆತ್ತವಳು ಅವನ ಹೆಂಡತಿ.

ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಮೂಕಪ್ರಾಣಿಗಳ ಜೊತೆ ಅವನಿಗೆ ಇದ್ದ ಸಲಿಗೆ ನನಗೆ ಯಾವತ್ತೂ ಬರಲಿಲ್ಲ. ಯಾರನ್ನೂ ಹತ್ತಿರ ಬಿಡದ ಹೋರಿಯ ಮುಂದೆ ಹೋಗಿ, ಏನೋ ಗೊಣಗುತ್ತಾ ಕುತ್ತಿಗೆಯ ಕೆಳಗಿನ ಗಂಗೆದೊಗಲು ತುರಿಸುತ್ತಾ ನಿಂತುಬಿಡುತ್ತಿದ್ದ. ಹೋರಿ ಕಣ್ಣು ಮುಚ್ಚುತ್ತಿತ್ತು. ನಾನು ಮಾತಿನಲ್ಲಿ ಮಾರುತ್ತಿದ್ದೆ, ಅವನು ಹಾಗೆ ನಿಂತೇ ಮಾರುತ್ತಿದ್ದ.

ನಮ್ಮ ದಂಧೆಯಲ್ಲಿ ‘ಕುಂದ್ರೋದು’ ಎಂಬುದೊಂದಿದೆ. ವ್ಯಾಪಾರ ಕುದುರಿ, ಹಗ್ಗ ಕೈ ಬದಲಾದ ಮೇಲೆ ಕೊಂಡವರು ಮಾರಿದವರು ಸೇರಿ ರೋಡಿನ ಧಾಬಾದಲ್ಲಿ ಕೂರುತ್ತಾರೆ. ಮಾರಿದವರ ಪೈಕಿ ಒಬ್ಬನಾದರೂ ಗ್ಲಾಸು ಹಿಡಿಯದಿದ್ದರೆ ಕೊಂಡವನಿಗೆ ಅನುಮಾನ. ಇವರು ಏನನ್ನೋ ಮುಚ್ಚಿಟ್ಟು ಎದ್ದು ಹೋಗುತ್ತಿದ್ದಾರೆ ಎಂದು. ಆದರೆ ನನ್ನ ತಲೆ ತಿಳಿಯಾಗಿರಬೇಕಿತ್ತು, ಮಧ್ಯಾಹ್ನದ ಮೇಲೆ ಇನ್ನೊಂದು ಜೋಡಿಯ ಮಾತು ಇರುತ್ತಿತ್ತು. ಹಾಗಾಗಿ ನನ್ನ ಪಾಲಿನ ಕುರ್ಚಿಗೆ ತಮ್ಮನನ್ನು ಕೂರಿಸಿದೆ. ಆಗ ಅವನಿಗೆ ಇಪ್ಪತ್ತೆರಡು.

ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕದಲ್ಲಿ, ಮೊದಲ ಸಲ, ಅವನು ನನ್ನನ್ನು ಪಕ್ಕಕ್ಕೆ ಕರೆದ. “ಯಣ್ಣಾ, ನನಗ ಅದರ ವಾಸ್ನಿ ಬಂದ್ರ ವಾಂತಿ ಬಂದಂಗ ಆಗತೈತಿ.”

“ಲೇ, ವಾಸ್ನಿ ಯಾಕ ನೋಡ್ತಿ? ಮೂಗು ಹಿಡ್ಕಂಡು ಕುಡಿ. ಔಷಧ ಅನ್ಕ. ಒಂದ ತಾಸು ಅವ್ರ ಜೋಡಿ ಕುಂದ್ರು, ನಗು, ಎದ್ದು ಬಾ. ಅಷ್ಟ.”

ನನಗೆ ದಂಧೆ ಕಲಿಸಿದ ಮುದುಕ ಸಾಹೇಬರು ಅಲ್ಲೇ ಲಾರಿಯ ನೆರಳಲ್ಲಿ ಚಹಾ ಕುಡಿಯುತ್ತಾ ಇದ್ದರು. ಕೇಳಿಸಿಕೊಂಡರು. “ಬೇಟಾ, ನಿನ್ನ ತಲಿ ತಣ್ಣಗ ಇರ್ಲಿ ಅಂತ ಅವನ ಹೊಟ್ಟಿಗೆ ಬೆಂಕಿ ಹಾಕಾಕತ್ತೀಯಲ್ಲೋ,” ಎಂದರು.

“ಚಾಚಾ, ನಿಮ್ಮ ಕಾಲ ಬ್ಯಾರೆ ಇತ್ತು ಬಿಡ್ರಿ,” ಎಂದು ನಕ್ಕೆ. ನನ್ನ ಲೆಕ್ಕದಲ್ಲಿ ಅದು ಒಂದು ತಾಸಿನ ಕೆಲಸ.

ಐದು ವರ್ಷದಲ್ಲಿ ವಾಸನೆ ಹಿಡಿಸದವನು ಅದಿಲ್ಲದೆ ಏಳಲಾರದವನಾದ. ಬೆಳಿಗ್ಗೆ ಗೂಟದಿಂದ ಹಗ್ಗ ಬಿಚ್ಚುವಾಗ ಅವನ ಬೆರಳು ನಡುಗುವುದನ್ನು ನಾನು ನೋಡಿದ್ದೆ. ಒಂದು ಗಂಟು ಬಿಚ್ಚಲು ಮೂರು ಸಲ ಪ್ರಯತ್ನ ಮಾಡುತ್ತಿದ್ದ. ಅವ್ವನಿಗೂ ಗೊತ್ತಿತ್ತು. “ಲಗ್ನ ಮಾಡ್ರಿ, ಹೆಣ್ಣು ಬಂದ್ರ ನೆಟ್ಟಗ ಆಗ್ತಾನ,” ಎಂದಳು. ಈ ಮಾತನ್ನು ನೀವೂ ನಿಮ್ಮ ಮನೆಗಳಲ್ಲಿ ಕೇಳಿರುತ್ತೀರಿ. ಕೇಳಿದ ಕೂಡಲೇ ಎದ್ದು ನಿಂತು ಬೇಡ ಎನ್ನಿ. ಗುಣ ಮಾಡಲು ಬರುವವಳು ಡಾಕ್ಟರಲ್ಲ, ಯಾರದೋ ಮನೆಯ ಮಗಳು.

ಉಚ್ಚಂಗಿದುರ್ಗದ ಬುಡದ ಹಳ್ಳಿಯ ರೈತರೊಬ್ಬರು ನನ್ನ ಹತ್ತಿರ ಮೂರು ಜೋಡಿ ಎತ್ತು ಕೊಂಡಿದ್ದರು. ಅವರ ಮಗಳ ಮಾತು ಬಂತು. ಹೆಣ್ಣು ನೋಡುವ ಶಾಸ್ತ್ರವೆಲ್ಲ ಮುಗಿದು, ಉಳಿದವರು ಒಳಗೆ ಊಟಕ್ಕೆ ಕೂತಾಗ ಆ ಹಿರಿಯರು ನನ್ನನ್ನು ಕೊಟ್ಟಿಗೆಯ ಕಡೆ ಕರೆದುಕೊಂಡು ಹೋದರು. ನಾನು ಕೊಟ್ಟ ಎತ್ತುಗಳೇ ಅಲ್ಲಿ ಮೆಲುಕು ಹಾಕುತ್ತಿದ್ದವು.

“ಮೂರು ಜೋಡಿ ಹೊಡ್ಕಂಡು ಬಂದೀನ್ರಿ ನಿಮ್ಮ ಕಡಿಂದ. ಒಂದರಾಗೂ ಸುಳ್ಳು ಹೇಳಿಲ್ಲ ನೀವು. ಊರಾಗ ಯಾರನ್ನೂ ನಾ ಕೇಳಂಗಿಲ್ಲ, ನಿಮ್ಮನ್ನ ಕೇಳ್ತೀನಿ. ಹುಡುಗಗ ಕುಡಿಯೋ ಚಟ ಐತೇನ್ರಿ?”

“ಸಂತ್ಯಾಗ ಮಂದಿ ಜೋಡಿ ಕುಂತಾಗ ಒಂದೀಟು, ಯಜಮಾನ್ರ. ಚಟ ಅನ್ನಂಗ ಏನಿಲ್ಲ.”

“ನೀವು ಹೇಳಿದ್ರಲ್ಲ, ಮುಗೀತು ಬಿಡ್ರಿ,” ಎಂದು ಅವರು ನನ್ನ ಕೈ ಹಿಡಿದುಕೊಂಡರು. ಮುಂದಿನ ತಿಂಗಳು ಮದುವೆಯಾಯಿತು.

ಬಂದ ಹುಡುಗಿ ಜಾಣೆ. ಒಂದೇ ವಾರದಲ್ಲಿ ಎಲ್ಲ ತಿಳಿಯಿತು ಅವಳಿಗೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನು ಮೋಸ ಮಾಡಿರಲಿಕ್ಕಿಲ್ಲ, ನನಗೇ ಗೊತ್ತಿರಲಿಕ್ಕಿಲ್ಲ ಎಂದುಕೊಂಡಿದ್ದಳಂತೆ. ಅದನ್ನು ಆಮೇಲೆ ಹೇಳಿದಳು.

ಕುಡಿಯುವವನು ಒಬ್ಬ, ಆದರೆ ಇಡೀ ಮನೆ ಅದಕ್ಕೆ ದುಡಿಯುತ್ತದೆ. ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚಿಕೆಯಾಯಿತು, ಯಾರೂ ಹಂಚಲಿಲ್ಲ. ಅವ್ವ ಅವನ ಬಾಟಲಿಗಳನ್ನು ಜೋಳದ ಚೀಲದ ಹಿಂದಿನಿಂದ ತೆಗೆದು ತಿಪ್ಪೆಯಲ್ಲಿ ಹೂಳುತ್ತಿದ್ದಳು. ನನ್ನ ಹೆಂಡತಿ ಬೀಗರು ಬರುತ್ತೇವೆ ಎಂದರೆ ಮನೆಯಲ್ಲಿ ಯಾರಿಗೋ ಜ್ವರ ಎನ್ನುತ್ತಿದ್ದಳು. ತಮ್ಮನ ಹೆಂಡತಿ ಒದ್ದೆ ಅಂಗಿ, ಒದ್ದೆ ಹಾಸಿಗೆ ಒಗೆದು ಹಿತ್ತಲಿನಲ್ಲಿ, ಬೀದಿಗೆ ಕಾಣದ ಕಡೆ ಒಣಗಿಸುತ್ತಿದ್ದಳು. ಗಿರಾಕಿಗಳು “ತಮ್ಮ ಎಲ್ರಿ, ಕಾಣವಲ್ಲ?” ಎಂದರೆ “ಹೋರಿ ತರಾಕ ಹೋಗ್ಯಾನ” ಎಂದು ನಾನು. ಅವನು ಕೊಟ್ಟಿಗೆಯ ಹಿಂದೆ ಮಲಗಿರುತ್ತಿದ್ದ. ಈಗ ಯಾರಾದರೂ ಸಲಹೆ ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಕುಡಿದವನ ಪರವಾಗಿ ಜ್ವರ ಎಂದು ಫೋನು ಮಾಡಬೇಡಿ. ಹೇಳಬೇಕಾದರೆ ಅವನೇ ಹೇಳಿಕೊಳ್ಳಲಿ. ಆಸ್ಪತ್ರೆಗೆ ಮೊದಲ ವರ್ಷವೇ ಕರೆದುಕೊಂಡು ಹೋಗಿ, ಹತ್ತನೆಯ ವರ್ಷವಲ್ಲ. ಇದು ಚಾಳಿಯಲ್ಲ, ರೋಗ ಎಂದು ಡಾಕ್ಟರು ಬಿಡಿಸಿ ಹೇಳಿದ್ದು ನಮಗೆ ತೀರ ತಡವಾಗಿ. ತಮ್ಮ ಈಗಲೂ ಆಸ್ಪತ್ರೆಗೆ ಹೋಗುತ್ತಾನೆ. ಎರಡು ತಿಂಗಳು ಬಿಡುತ್ತಾನೆ, ಮತ್ತೆ ಹಿಡಿಯುತ್ತಾನೆ.

ಮಗಳು ಹುಟ್ಟಿ ಆರು ವರ್ಷ ಆದ ಮೇಲೆ ತಮ್ಮನ ಹೆಂಡತಿ ಮೊದಲ ಸಲ ತವರಿಗೆ ಹೋಗಿ ಕೂತಳು. ಆಗ ನನ್ನ ಬುದ್ಧಿವಂತಿಕೆ ತೋರಿಸಿದೆ ನೋಡಿ. ಇದನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ.

ನಮ್ಮಲ್ಲಿ ಕುಡಿತ ಬಿಡಿಸಲು ದೇವರ ಮುಂದೆ ಆಣೆ ಮಾಡಿಸುವುದುಂಟು. ಉಚ್ಚಂಗೆಮ್ಮನ ಗುಡ್ಡ ಅವಳ ಊರಿಗೂ ಹತ್ತಿರ, ಅವಳ ಅಪ್ಪನಿಗೂ ನಂಬಿಕೆ. ತಮ್ಮನನ್ನು ಎರಡು ದಿನ ಕುಡಿಯದಂತೆ ಕಾದು, ಗುಡ್ಡ ಹತ್ತಿಸಿದೆ. ಅರ್ಧ ದಾರಿಯಲ್ಲಿ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುವಾಗ ನನ್ನ ತಲೆ ಓಡಿತು: ಇವನು ಪೂರ್ತಿ ಬಿಟ್ಟರೆ ಸಂತೆಯಲ್ಲಿ ಗಿರಾಕಿಗಳ ಜೊತೆ ಕೂರುವವರು ಯಾರು? ಅದೂ ಅಲ್ಲದೆ ಒಮ್ಮೆಗೇ ಬಿಡು ಎಂದರೆ ಇವನು ಬಿಡುವುದಿಲ್ಲ. ಸ್ವಲ್ಪ ಸಡಿಲ ಕೊಟ್ಟರೆ ಒಪ್ಪುತ್ತಾನೆ. ವ್ಯಾಪಾರ ಎಂದರೆ ಹಾಗೇ ಅಲ್ಲವೇ, ಅವರೂ ಒಂದು ಹೆಜ್ಜೆ, ನಾವೂ ಒಂದು ಹೆಜ್ಜೆ.

ಗರ್ಭಗುಡಿಯ ಮುಂದೆ ಅವನ ಅಂಗೈಯಲ್ಲಿ ಭಂಡಾರ ಹಾಕಿದ ಮೇಲೆ ಆಣೆಯ ಮಾತು ನಾನೇ ಹೇಳಿಕೊಟ್ಟೆ: “ತಾಯಿ, ಸಂತಿ ದಿನ ಒಂದು ಬಿಟ್ಟು ಬ್ಯಾರೆ ಯಾವತ್ತೂ ಮುಟ್ಟಂಗಿಲ್ಲ.”

ಭಂಡಾರ ಕೊಟ್ಟ ಪೂಜಾರಿ ನನ್ನ ಮುಖ ನೋಡಿದರು. “ದೇವಿ ಮುಂದನೂ ಚೌಕಾಸಿ ಏನ್ರಿ?”

“ದಂಧಿ ಐತಲ್ರಿ ಸ್ವಾಮಿ. ವಾರಕ್ಕ ಒಂದ ದಿನ.”

ತಮ್ಮ ನಾನು ಹೇಳಿದ್ದನ್ನು ಹಾಗೆಯೇ ಹೇಳಿದ. ಅವನ ಹೆಂಡತಿ ಕೆಳಗೆ ಅಪ್ಪನ ಮನೆಯಲ್ಲಿ ಮಗಳಿಗೆ ಜಡೆ ಹಾಕುತ್ತಾ ಕಾದಿದ್ದಳು. ವಾರಕ್ಕೆ ಒಂದು ದಿನ ಎಂದು ತಿಳಿಸಿದಾಗ ಜಡೆ ಮುಗಿಸಿ ಎದ್ದಳು. ಏಳು ದಿನದ ಜಾಗದಲ್ಲಿ ಒಂದು ಎಂದರೆ ಯಾರಾದರೂ ಒಪ್ಪುವ ಮಾತೇ. ನಮ್ಮ ಜೊತೆ ಬಸ್ಸು ಹತ್ತಿದಳು.

ಒಂದು ಮಾತು ತಮ್ಮನ ಪರವಾಗಿ ಹೇಳಲೇಬೇಕು. ಅವನು ಆಣೆಯನ್ನು ಮುರಿಯಲಿಲ್ಲ. ಹಿಗ್ಗಿಸಿದವನು ನಾನು. ಮೊದಮೊದಲು ಸಂತೆ ದಿನ ಎಂದರೆ ನಾವು ಖಾಯಂ ಹೋಗುವ ದನದ ಸಂತೆಯ ಒಂದೇ ದಿನ. ಎರಡು ತಿಂಗಳು ಕಳೆದಿರಬೇಕು, ಕೊಟ್ಟೂರಿನಲ್ಲಿ ದೊಡ್ಡ ಗಿರಾಕಿಯೊಬ್ಬರು ಬಂದರು, ಕೂರುವವರು ಬೇಕಿತ್ತು. “ಕೊಟ್ಟೂರದ್ದೂ ಸಂತೀನ ಅಲ್ಲೇನ್ಲೇ, ನಡಿ,” ಎಂದೆ. ಅವನು ನನ್ನನ್ನು ನೋಡಿದ ನೋಟ ನೆನಪಿದೆ, ಇದು ಬೇಡ ಎಂದು ನನ್ನ ಬಾಯಿಂದ ಬರಲಿ ಎಂದು ಕಾಯುವವನ ಹಾಗೆ. ಆಮೇಲೆ ಹಡಗಲಿ ಸೇರಿತು. ದನದ ವ್ಯಾಪಾರ ಇಲ್ಲದಿದ್ದರೂ ಸಂತೆ ಎಂದರೆ ರೈತರು ಸಿಗುತ್ತಾರೆ, ಮಾತಾಗುತ್ತದೆ ಎಂದು ಕೂಡ್ಲಿಗಿ ಸೇರಿತು, ಹರಪನಹಳ್ಳಿ ಸೇರಿತು, ಇನ್ನೂ ಒಂದು ಊರು ಸೇರಿತು. ನಮ್ಮ ಸೀಮೆಯಲ್ಲಿ ವಾರದ ಒಂದು ದಿನ ಬಿಟ್ಟರೆ ಯಾವ ದಿನ ಎದ್ದರೂ ಎಲ್ಲೋ ಒಂದು ಊರಲ್ಲಿ ಸಂತೆ. ದೀಪಾವಳಿ ಹೊತ್ತಿಗೆ ಅವನಿಗೆ ಕುಡಿಯದ ದಿನ ವಾರಕ್ಕೆ ಒಂದು ಉಳಿದಿತ್ತು.

ಆ ದಿನಗಳಲ್ಲಿ ತಮ್ಮನ ಮಗಳು ಶಾಲೆಗೆ ಹೊರಡುವಾಗ ಚೀಲ ಬೆನ್ನಿಗೆ ಹಾಕಿಕೊಂಡು ಬಂದು ನನ್ನನ್ನು ಕೇಳುತ್ತಿದ್ದಳು, “ದೊಡ್ಡಪ್ಪಾ, ಇವತ್ತು ಯಾವೂರ ಸಂತಿ?”

ನಮ್ಮ ಮನೆಯಲ್ಲಿ ದಂಧೆಯ ಮೇಲೆ ಆಸೆ ಇರುವ ಕೂಸು ಇದೊಂದೇ ಎಂದು ನನಗೆ ಹೆಮ್ಮೆ. ಪಕ್ಕಕ್ಕೆ ಕೂರಿಸಿಕೊಂಡು ಯಾವ ವಾರ ಯಾವ ಊರು, ಎಲ್ಲಿ ಹೋರಿ ಚೆನ್ನ, ಎಲ್ಲಿ ಕುರಿ ಚೆನ್ನ ಎಂದೆಲ್ಲ ಹೇಳಿಕೊಟ್ಟೆ. ಬೆರಳು ಮಡಚಿ ಬಾಯಿಪಾಠ ಮಾಡಿದಳು. ಒಂದು ಬೆಳಿಗ್ಗೆ ನಾನು “ಇವತ್ತು ಎಲ್ಲೂ ಇಲ್ಲವ್ವ” ಎಂದೆ. ಕೂಸು ಅಡುಗೆಮನೆಗೆ ಓಡಿ, “ಯವ್ವಾ, ಇವತ್ತು ಇಲ್ಲಂತ! ಇವತ್ತು ನಾ ಮನ್ಯಾಗ ಮಲಗ್ತೀನಿ, ಪಕ್ಕದ ಮನಿಗೆ ಹೋಗಂಗಿಲ್ಲ!” ಎಂದಿತು.

ಅಪ್ಪ ಕುಡಿದು ಬರುವ ರಾತ್ರಿ ಕೂಸನ್ನು ಪಕ್ಕದ ಮನೆಗೆ ಮಲಗಲು ಕಳಿಸುತ್ತಿದ್ದರು. ಅಷ್ಟು ಕೇಳಿಯೂ ನಾನು ಆ ವಾರ ತಮ್ಮನನ್ನು ಕೊಟ್ಟೂರಿಗೆ ಕರೆದುಕೊಂಡು ಹೋದೆ. ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಕರೆಯಲಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಮಾಘದಲ್ಲಿ ಒಂದು ಮಧ್ಯಾಹ್ನ ಸಂತೆಯಿಂದ ತಿರುಗಿ ಬಂದ ತಮ್ಮ ಶಾಲೆಯ ಮುಂದೆ ಮಗಳನ್ನು ಬೈಕಿಗೆ ಹತ್ತಿಸಿಕೊಂಡ. ಕಾಲುವೆಯ ತಿರುವಿನಲ್ಲಿ ಬಿದ್ದರು. ಅವನಿಗೆ ಮೊಣಕಾಲು ತರಚಿತು. ಕೂಸಿನ ಬಲಗೈ ಮುರಿಯಿತು. ಬೈಕಿನ ಕೀ ಅವನ ಕೈಗೆ ಕೊಟ್ಟು “ನೀ ಮುಂದ ನಡಿ, ನಾ ಎತ್ತು ಲಾರಿಗೆ ಹತ್ತಿಸಿ ಬರ್ತೀನಿ” ಎಂದು ಕಳಿಸಿದವನು ನಾನು. ಕೈಗೆ ಪಟ್ಟಿ ಹಾಕಿಸಿದ ಆಸ್ಪತ್ರೆಯಿಂದ ತಮ್ಮನ ಹೆಂಡತಿ ಮನೆಗೆ ಬರಲಿಲ್ಲ. ಅಲ್ಲಿಂದಲೇ ಮಗಳನ್ನು ಕರೆದುಕೊಂಡು ತವರಿನ ಬಸ್ಸು ಹತ್ತಿದಳು.

ಈ ಸಲ ನಾನು ಕರೆಯಲು ಹೋಗಲಿಲ್ಲ, ಮುಖವಿರಲಿಲ್ಲ. ಎರಡು ತಿಂಗಳಾದ ಮೇಲೆ ಅವಳೇ ಫೋನು ಮಾಡಿದಳು.

“ಭಾವ, ಒಂದ ಸಲ ಬಂದು ಹೋಗ್ರಿ. ಕರ್ಕಂಡು ಹೋಗಾಕ ಅಲ್ಲ. ನಮ್ಮಪ್ಪ ದಿನಾ ಹೋಗು ಅಂತಾನ. ‘ಅವ್ರು ಸುಳ್ಳು ಹೇಳೋ ಮಂದಿ ಅಲ್ಲ, ಲಗ್ನಕ್ಕ ಮೊದಲ ಹುಡುಗ ಸುದ್ದ ಇದ್ದ, ನೀ ಹೋದ ಮ್ಯಾಲೆ ಕೆಟ್ಟಾನ ಅಂದ್ರ ನಿನ್ನ ಕಡಿಂದ ಏನೋ ಕಡಿಮಿ ಆಗೈತಿ’ ಅಂತಾನ. ನಿಮಗ ಮೊದಲ ಗೊತ್ತಿತ್ತೋ ಇಲ್ಲೋ?”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಗೊತ್ತಿತ್ತು ಅಲ್ಲೇನ್ರಿ?”

“ಗೊತ್ತಿತ್ತು, ತಂಗಿ.”

“ಇಷ್ಟು ವರ್ಷ ನಿಮಗೂ ಗೊತ್ತಿದ್ದಿಲ್ಲ ಅನ್ಕಂಡಿದ್ದೆ,” ಎಂದಳು. “ಅದನ್ನ ನಮ್ಮಪ್ಪನ ಮುಂದ ಕುಂತು ಹೇಳ್ರಿ. ನನಗ ಮತ್ತೇನೂ ಬ್ಯಾಡ.”

ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. “ಹೇಳ್ತೀನಿ. ಆದ್ರ ಒಂದ ಮೂರು ತಿಂಗಳು ತಡಿ, ಅವನ್ನ ಆಸ್ಪತ್ರಿಗೆ ಸೇರಸ್ತೀನಿ, ಆಮ್ಯಾಲೆ—”

“ಭಾವ, ನನ್ನ ಕೂಡ ವ್ಯಾಪಾರ ಮಾಡಬ್ಯಾಡ್ರಿ.”

ಒಂದು ವಾರ ತಡೆದೆ. ಹೇಳಿದರೆ ಅವಳು ಮತ್ತೆ ಬರುವುದಿಲ್ಲ, ತಮ್ಮನ ಸಂಸಾರ ಮುಗಿಯುತ್ತದೆ. ಆ ಭಾಗದ ರೈತರಲ್ಲಿ ನನ್ನ ಮಾತಿಗೆ ಇದ್ದ ಬೆಲೆಯೂ ಹೋಗುತ್ತದೆ. ಹೇಳದಿದ್ದರೆ ಅಪ್ಪನೇ ಅವಳನ್ನು ತಂದು ನಮ್ಮ ಬಾಗಿಲಿಗೆ ಬಿಟ್ಟು ಹೋಗುತ್ತಾನೆ, ಕೂಸು ಮತ್ತೆ ಬೆರಳು ಮಡಚಲು ಶುರುಮಾಡುತ್ತದೆ. ಎಂಟನೆಯ ದಿನ ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಹೋದೆ.

ಹಿರಿಯರು ಎದ್ದು ಬಂದು ಕಾಲಿಗೆ ನೀರು ಕೊಟ್ಟರು. ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. “ಬರ್ರಿ ಬರ್ರಿ, ಬಂದ್ರಲ್ಲ, ಚೊಲೋ ಆತು. ಅಕಿ ರೆಡಿ ಅದಾಳ,” ಎಂದರು. ನಿಜವೇ, ಬಾಗಿಲ ಪಕ್ಕದಲ್ಲಿ ಕಬ್ಬಿಣದ ಪೆಟ್ಟಿಗೆ ಕಟ್ಟಿ ಇಟ್ಟಿತ್ತು. ಅಪ್ಪ ದಿನಾ ಬೆಳಿಗ್ಗೆ ಕಟ್ಟಿಸುತ್ತಿದ್ದನಂತೆ.

ಮಂಡಕ್ಕಿ ಮುಟ್ಟಲಿಲ್ಲ. ಅವಳು ಕಂಬಕ್ಕೆ ಆನಿಕೊಂಡು ನಿಂತಿದ್ದಳು.

“ಯಜಮಾನ್ರ, ಅವತ್ತು ಕೊಟ್ಟಿಗ್ಯಾಗ ನೀವು ಕೇಳಿದ್ರಿ. ನಾ ಸುಳ್ಳು ಹೇಳಿದೆ. ಹುಡುಗ ಲಗ್ನಕ್ಕ ಮೊದಲ ದಿನಾ ಕುಡೀತಿದ್ದ. ಮುಂಜಾನಿ ಕೈ ನಡುಗತಿದ್ವು. ನಾ ಕಣ್ಣಾರೆ ನೋಡಿದ್ದೆ. ನಿಮ್ಮ ಮಗಳದು ಏನೂ ತಪ್ಪಿಲ್ಲ.” ಒಂದು ಉಸಿರಿಗೆ ಇಷ್ಟು ಹೇಳಿದೆ. ಅವನನ್ನು ಆ ಧಾಬಾದ ಕುರ್ಚಿಗೆ ಕೂರಿಸಿದ್ದು ನಾನು ಎಂಬ ಮಾತನ್ನು ಮಾತ್ರ ಆಗಲೂ ಬಿಟ್ಟೆ. ಅದನ್ನು ಇಲ್ಲಿ ಬರೆಯುತ್ತಿರುವುದೇ ಮೊದಲು.

ಅವರು ಬೈಯಲಿಲ್ಲ. ಬೈದಿದ್ದರೆ ಎದುರು ಏನಾದರೂ ಹೇಳಲು ನನಗೆ ಬರುತ್ತಿತ್ತು. ತಟ್ಟೆಯಲ್ಲಿದ್ದ ಮಂಡಕ್ಕಿಯನ್ನು ಬೆರಳಿಂದ ಆ ಕಡೆ ಈ ಕಡೆ ಸರಿಸುತ್ತಾ ಕೂತರು. ಆಮೇಲೆ ಕೇಳಿದರು, “ಮತ್ತ ಆ ಮೂರು ಜೋಡಿ ಎತ್ತು?”

“ಅವು ಖರೇ ಇದ್ವು, ಯಜಮಾನ್ರ. ಅವುಗಳ ಐಬು ಎಲ್ಲ ಹೇಳೇ ಕೊಟ್ಟಿದ್ದೆ.”

“ಹೂಂ. ಎತ್ತಿಂದು ಹೇಳಿದ್ರಿ,” ಎಂದರು.

ಮಗಳ ಕಡೆ ತಿರುಗಿದರು. ಅವಳ ಮುಖ ನೋಡಲಾಗದೆ ಪೆಟ್ಟಿಗೆಯನ್ನೇ ನೋಡುತ್ತಾ ಹೇಳಿದರು, “ಯವ್ವಾ, ಅದನ್ನ ಒಳಗ ಇಡು. ಬಿಚ್ಚು.”

ಅವಳು ಒಂದು ಕಡೆಯ ಹಿಡಿಕೆ ಹಿಡಿದಳು. ಕೂಸು ಓಡಿ ಬಂದು ಇನ್ನೊಂದು ಕಡೆ ಹಿಡಿಯಿತು, ಎಡಗೈಯಲ್ಲಿ. ಇಬ್ಬರೂ ಒಳಗೆ ಹೋದರು. ಪೆಟ್ಟಿಗೆಯ ಅಗುಳಿ ತೆರೆದ ಸದ್ದು ಹೊರಗೆ ಕೇಳಿಸಿತು. ಅವಳು ಹೊರಗೆ ಬಂದು ನನಗೆ ಏನಾದರೂ ಹೇಳುತ್ತಾಳೆಂದು ಸ್ವಲ್ಪ ಹೊತ್ತು ಕೂತಿದ್ದೆ. ಬರಲಿಲ್ಲ. ಬರಬೇಕೆಂದೂ ಇಲ್ಲ. ಈಗ ಅವಳು ಹರಪನಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿ, ರೊಟ್ಟಿ ಬಡಿದು ಅಂಗಡಿಗಳಿಗೆ ಹಾಕುತ್ತಾಳೆ, ಮಗಳು ಅಲ್ಲೇ ಶಾಲೆಗೆ ಹೋಗುತ್ತಾಳೆ ಎಂದು ಬೇರೆಯವರಿಂದ ತಿಳಿಯಿತು. ಆ ಕಡೆಯ ಹಳ್ಳಿಗಳಿಂದ ಎತ್ತಿಗೆಂದು ನನ್ನ ಹತ್ತಿರ ಈಗ ಯಾರೂ ಬರುವುದಿಲ್ಲ.

ಆ ದಿನ ನಾನು ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ತಮ್ಮ ಕಟ್ಟೆಯ ಮೇಲೆ ಕೂತಿದ್ದ. ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿದ್ದ; ನಾನು ಕರೆದುಕೊಂಡು ಬರಲು ಹೋಗಿದ್ದೇನೆ ಎಂದು ಅವ್ವ ಹೇಳಿದ್ದಳಂತೆ. ಅವತ್ತು ಕುಡಿದಿರಲಿಲ್ಲ. ನನ್ನ ಹಿಂದೆ ಬೀದಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿದ.

“ಬರ್ಲಿಲ್ಲೇನು?”

“ಇಲ್ಲ. ಇನ್ನ ಬರಂಗಿಲ್ಲ. ಅವ್ರಪ್ಪಗ ಖರೇ ಹೇಳಿ ಬಂದೆ.”

ನನ್ನ ಮೇಲೆ ಏರಿ ಬರುತ್ತಾನೆ ಎಂದುಕೊಂಡಿದ್ದೆ. ದಾರಿಯುದ್ದಕ್ಕೂ ಅದಕ್ಕೆ ತಕ್ಕ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಅವನು ಒಗೆದ ಅಂಗಿಯ ಗುಂಡಿಯನ್ನು ಒಂದೊಂದಾಗಿ ಬಿಚ್ಚುತ್ತಾ ಕೂತ. ಒಂದೊಂದಕ್ಕೂ ಮೂರು ಸಲ ಪ್ರಯತ್ನ ಬೇಕಾಯಿತು.

“ಚೊಲೋ ಮಾಡಿದಿ ಬಿಡಣ್ಣ,” ಎಂದ. “ಕೂಸು ದಿನಾ ಒಂದ ಮನ್ಯಾಗ ಮಲಗತೈತಿ.”